ಕರ್ಜತ್ ಗಾಡಿಯ ಮುಕ್ತಕ್ಕ

ಡೊಂಬಿವಲಿಯ ಹೆರಿಗೆ ಆಸ್ಪತ್ರೆಗಳಲ್ಲಿ ಕೂಸಿನ ಆರೈಕೆ ಬಲ್ಲ ದಾದಿಯರು ಬಹಳ ಮಂದಿ ಆಗಿಹೋಗಿದ್ದಾರೆ. ಕೂಸು ಹುಟ್ಟಿದ ಮೇಲೆ ತಾಯಿಯ ಮುಖವನ್ನೂ ಒಮ್ಮೆ ನೋಡಬೇಕೆಂದು ಬಲ್ಲವರಲ್ಲಿ ಮೊದಲ ಹೆಸರು ನಮ್ಮ ಮುಕ್ತಕ್ಕನವರದು. ಉಡುಪಿಯ ಕಡೆಯಿಂದ ಬಂದು, ಒಂದೇ ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೆ ದುಡಿದು, ಈ ವರ್ಷ ನಿವೃತ್ತರಾಗುತ್ತಿರುವ ಅವರ ಕೈಕೆಳಗೆ ನಾನು ಎಪ್ಪತ್ತಾರನೇ ಇಸವಿಯಲ್ಲಿ ಕೆಲಸ ಕಲಿತೆ. ಗದರುತ್ತಿದ್ದರು, ಗದರಿದ ಮೇಲೆ ತಮ್ಮ ಡಬ್ಬಿಯ ನೀರುದೋಸೆಯಲ್ಲಿ ಪಾಲು ಕೊಡುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ನಾನೇ ಬಾಣಂತಿಯಾದೆ. ಮಗಳು ವಿನೋದಾ ಅತ್ತರೆ ಆ ಅಳು ಪಕ್ಕದ ಬಿಲ್ಡಿಂಗಿನದು ಅನ್ನಿಸುತ್ತಿತ್ತು. ಎದೆಹಾಲು ಸೋರುತ್ತಿದ್ದರೂ ಎತ್ತಿಕೊಳ್ಳುವ ಮನಸ್ಸಿಲ್ಲ. ಅತ್ತೆ ರುದ್ರವ್ವ ದೃಷ್ಟಿ ತೆಗೆದರು, ತಾಯತ ಕಟ್ಟಿದರು, ಕೊನೆಗೆ, "ಈಕಿಗೆ ಏನೋ ಮೆಟ್ಟಿಕೊಂಡೈತಿ. ಬಾಗಲಕೋಟಿಗೆ, ತವರಮನಿಗೆ ಕಳಸೂಣು, ಕೂಸು ಇಲ್ಲೇ ಇರ್ಲಿ" ಎಂದುಬಿಟ್ಟರು. ಮಗಳನ್ನು ಬಿಟ್ಟುಹೋಗಬೇಕೆಂದರೂ ನನಗೆ ಅಳು ಬರಲಿಲ್ಲ. ಇಂದು ನೆನೆದರೆ ನಡುಕ ಬರುವುದು ಅದಕ್ಕೇ.

ಸುದ್ದಿ ತಿಳಿದು ಮುಕ್ತಕ್ಕ ಮನೆಗೆ ಬಂದರು. "ಮೆಟ್ಟಿದ್ದು ಎಂತದೂ ಇಲ್ಲ ಅಮ್ಮ, ಹೆತ್ತವರಿಗೆ ಹೀಗೊಂದು ಕಾಯಿಲೆ ಉಂಟು, ಗುಣ ಆಗ್ತದೆ. ಡಾಕ್ಟ್ರು ಮದ್ದು ಕೊಡ್ತಾರೆ. ಮಧ್ಯಾಹ್ನ ಇವಳನ್ನು ನನ್ನ ಜೊತೆ ಕಳಿಸಿ, ನೀವೂ ಮಗು ಎತ್ತಿಕೊಂಡು ಬನ್ನಿ" ಎಂದರು.

"ಹಸೀ ಬಾಣಂತಿನ್ನ ಗಾಳ್ಯಾಗ ಒಯ್ಯೂದೇನ್ರಿ?" ಎಂದರು ಅತ್ತೆ.

"ಕಿವಿಗೆ ಹತ್ತಿ ಇಡುವ. ಸ್ಕಾರ್ಫೂ ಕಟ್ಟುವ."

ಬೆಳಿಗ್ಗೆ ಕಾಲಿಡಲು ಜಾಗವಿಲ್ಲದ ನಮ್ಮ ಲೋಕಲು ರೈಲು ಮಧ್ಯಾಹ್ನ ಕರ್ಜತ್ ಕಡೆಗೆ ಖಾಲಿ ಹೋಗುತ್ತದೆ. ಆ ಖಾಲಿ ಗಾಡಿಯನ್ನೇ ಮುಕ್ತಕ್ಕ ಮದ್ದಿನ ಜೊತೆಗೊಂದು ಮದ್ದಾಗಿಸಿಕೊಂಡಿದ್ದರು. ಕಿಟಕಿಯ ಪಕ್ಕ ಕೂರಿಸಿ "ಮಲಗು" ಎನ್ನುವರು, ಅಷ್ಟೆ. ಕಲ್ಯಾಣ, ಉಲ್ಹಾಸನಗರ ಹಿಂದೆ ಸರಿದು, ಬದಲಾಪುರ ದಾಟಿದರೆ ಭತ್ತದ ಗದ್ದೆ, ಬೆಳ್ಳಕ್ಕಿ, ತಣ್ಣನೆ ಗಾಳಿ, ನಿದ್ದೆ. ಎಚ್ಚರವೋ ಕನಸೋ ತಿಳಿಯದ ಆ ನಿದ್ದೆಯನ್ನು ಮನೆಯಲ್ಲಿ ಯಾರೂ ನನಗೆ ಕೊಟ್ಟಿರಲಿಲ್ಲ. ಎಷ್ಟೋ ವಾರ ಹೀಗೆ ತಿರುಗಿದೆವು. ಒಂದು ಮಧ್ಯಾಹ್ನ ವಾಂಗಣಿಯ ಬಳಿ ಥಟ್ಟನೆ ಎದ್ದು ಕೂತು, "ನನ್ನ ಕೂಸೆಲ್ಲಿ?" ಎಂದು ಚೀರಿದೆನಂತೆ. ಎದುರಿಗೇ ಇದ್ದ ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿ, ಬಾಯಿಗೆ ಸೆರಗೊತ್ತಿಕೊಂಡು ಅತ್ತರು. ಬಾಗಲಕೋಟೆಯ ಮಾತು ಮತ್ತೆ ಬರಲಿಲ್ಲ.

ಆಮೇಲೆ ಆ ಗಾಡಿ ಹತ್ತಿದ ತಾಯಂದಿರು ಅನೇಕರು. ಅವರ ಕೂಸು ಹಿಡಿಯಲು ನಮ್ಮ ಅತ್ತೆಯೇ ಮುಂದಾಗಿ ಹೋಗುತ್ತಿದ್ದರು!

ಹಿರಿಯರಿಗೆ ನೂರು ವರ್ಷ ಹಾರೈಸುವುದು ವಾಡಿಕೆ. ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ವಿನೋದಾಗೆ ಈಗ ಹತ್ತು ವರ್ಷ. ಅವಳ ಬಾಣಂತನದ ಹೊತ್ತಿಗೂ ಮುಕ್ತಕ್ಕನವರ ಮೊಣಕಾಲಿಗೆ ಗಾಡಿ ಹತ್ತುವ ಕಸುವಿರಲಿ. ಕೂಸು ಹಿಡಿಯಲು ಎದುರು ಸೀಟಿನಲ್ಲಿ ನಾನಿರುತ್ತೇನೆ.