ಪ್ಲಸ್‌ಗೆ ಹೋಗಬೇಕಿದ್ದ ತಂತಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಮೈನಸಕ್ಕ’ ಎನ್ನುತ್ತಿದ್ದರು. ಯಾರ ಸರ್ಕ್ಯೂಟ್ ಮುಂದಿಟ್ಟರೂ ಅವಳ ಮೊದಲ ಪ್ರಶ್ನೆ ಒಂದೇ: “ಹಿಂದಕ್ಕೆ ಬರೋ ತಂತಿ ಪ್ಲಸ್‌ಗಾ, ಮೈನಸ್‌ಗಾ?” ಚಿಪ್ ವಿನ್ಯಾಸದ ಆ ಸಣ್ಣ ಕಂಪನಿಯಲ್ಲೇ ಅವಳ ತಲೆ ಅರ್ಧ ನೆರೆತಿತ್ತು. ಗಂಡ ಶಾಲಾ ಬಸ್ಸಿನ ಡ್ರೈವರ್, ಒಬ್ಬಳೇ ಮಗಳು.

ಆ ವರ್ಷ ಅವಳ ಪಾಲಿಗೆ ಬಂದದ್ದು ಚಾರ್ಜ್ ಪಂಪ್. ಕೆಪಾಸಿಟರಿಗೆ ಬೇಕಾದಾಗ ಚಾರ್ಜ್ ತುಂಬುವುದು, ಬೇಡವಾದಾಗ ತೆಗೆಯುವುದು ಅದರ ಕೆಲಸ. ತುಂಬುವ ಕರೆಂಟೂ ತೆಗೆಯುವ ಕರೆಂಟೂ ಸಮವಿರಬೇಕು. ಅದನ್ನು ಕಾಯಲು ಅವಳು ಪ್ಲಸ್, ಮೈನಸ್ ಎಂಬ ಎರಡು ಬಾಗಿಲುಗಳಿರುವ ಒಂದು ಆಂಪ್ಲಿಫೈಯರ್ ಕೂರಿಸಿದ್ದಳು. ಅದು ಒಂದು ಟ್ರಾನ್ಸಿಸ್ಟರಿನ ಮೂಲಕ ಕರೆಂಟನ್ನು ತಿದ್ದುತ್ತದೆ. ತಿದ್ದಿದ್ದು ಸರಿಹೋಯಿತೇ ಎಂದು ತಿಳಿಸಲು ಒಂದು ಫೀಡ್‌ಬ್ಯಾಕ್ ತಂತಿ ಹಿಂದಕ್ಕೆ ಬರುತ್ತದೆ. ಆ ಟ್ರಾನ್ಸಿಸ್ಟರೋ, ಏರಿಕೆಯನ್ನು ಇಳಿಕೆಯಾಗಿ, ಇಳಿಕೆಯನ್ನು ಏರಿಕೆಯಾಗಿ ತಿರುಗಿಸಿ ಕೊಡುವಂಥದ್ದು. ಹಾಗಾಗಿ ತಂತಿ ಪ್ಲಸ್‌ಗೆ ಹೋದರೇ ತಪ್ಪು ತಗ್ಗುವುದು. ಮೈನಸ್‌ಗೆ ಹೋದರೆ ಬೆಳೆಯುತ್ತಲೇ ಹೋಗುತ್ತದೆ.

ನಕ್ಷೆ ಕಾರ್ಖಾನೆಗೆ ಹೋಗುವ ವಾರ ಮಗಳಿಗೆ ಟಾನ್ಸಿಲ್ ಆಪರೇಷನ್ ಆಯಿತು. ಮೈನಸಕ್ಕ ರಜೆಯಲ್ಲಿದ್ದಳು. ಮರಳಿ ಬಂದ ಚಿಪ್ಪುಗಳನ್ನು ಬೆಂಚಿನ ಮೇಲಿಟ್ಟು ನೋಡಿದರೆ, ಪಂಪಿನ ವೋಲ್ಟೇಜ್ ಮೇಲ್ತುದಿಗೆ ಹೋಗಿ ಅಂಟಿಕೊಂಡಿತ್ತು. ನಕ್ಷೆ ತೆರೆದವಳೇ ನೇರ ಮ್ಯಾನೇಜರ್ ಬಳಿ ಹೋದಳು.

“ಸಾರ್, ಈ ತಂತೀನ ಮೈನಸ್‌ಗೆ ಹಾಕಿದ್ಯಾರು?”

“ನಾನೇ. ಫೀಡ್‌ಬ್ಯಾಕ್ ಅಂದ್ರೆ ಮೈನಸ್‌ಗೇ ಅಲ್ವಾ? ನೀವು ಅವಸರದಲ್ಲಿ ಕೈತಪ್ಪಿ ಹಾಕಿದೀರಿ ಅಂದ್ಕೊಂಡೆ.”

“ಮಧ್ಯದಲ್ಲಿ ಟ್ರಾನ್ಸಿಸ್ಟರ್ ಇದೆಯಲ್ಲ ಸಾರ್! ಬದಲಾಯಿಸಿದ ಮೇಲೆ ಕಂಪ್ಯೂಟರಲ್ಲಿ ಸಿಮ್ಯುಲೇಶನ್ ಓಡಿಸಿ ನೋಡ್ಲಿಲ್ವಾ?”

“ಟೈಮ್ ಎಲ್ಲಿತ್ತು? ನೀವು ಬೇರೆ ಆಸ್ಪತ್ರೇಲಿದ್ರಿ, ಫೋನ್ ಮಾಡಿ ತೊಂದ್ರೆ ಕೊಡೋದು ಬೇಡ ಅಂತ...”

ಆ ಕಾಳಜಿ ಕೇಳಿ ಅವಳ ಮೈ ಇನ್ನಷ್ಟು ಉರಿಯಿತು. ಸಂಜೆ ಅಡುಗೆಮನೆಯಲ್ಲಿ ಮುಚ್ಚಳಗಳ ಸದ್ದು ಜೋರಾಯಿತು.

“ಪಾತ್ರೆ ಏನೇ ಮಾಡ್ತು ನಿಂಗೆ?” ಎಂದ ಗಂಡ.

“ಅದಾದ್ರೂ ಎದುರು ಮಾತಾಡಲ್ಲ.”

ಎರಡನೇ ಸಲ ಕಾರ್ಖಾನೆಗೆ ಹೋದ ನಕ್ಷೆಯಲ್ಲಿ ತಂತಿ ಪ್ಲಸ್‌ಗೇ ಹೋಯಿತು. ಆದರೆ ಬಂದ ಚಿಪ್ಪಿನಲ್ಲಿ ವೋಲ್ಟೇಜ್ ಕೆಳತುದಿಯ ಹತ್ತಿರ ಬಂದಾಗಲೆಲ್ಲ ತೂಗಾಡುತ್ತಿತ್ತು. ಅಲ್ಲಿ ಆಂಪ್ಲಿಫೈಯರ್ ಅವಸರಪಟ್ಟು ತಿದ್ದುತ್ತಿತ್ತು; ತಿದ್ದಿದ್ದರ ಸುದ್ದಿ ತಡವಾಗಿ ಬರುವಷ್ಟರಲ್ಲಿ ಸರಿಯಾದದ್ದನ್ನೂ ದಾಟಿ ಹೋಗಿರುತ್ತಿತ್ತು; ಹಿಂದಕ್ಕೆಳೆದರೆ ಆ ಕಡೆಗೂ ದಾಟುತ್ತಿತ್ತು. ನಡುವಿನ ವೋಲ್ಟೇಜಿನಲ್ಲಷ್ಟೇ ಪರೀಕ್ಷಿಸಿದ್ದವಳು ಅವಳೇ. ದೂರಲು ಯಾರೂ ಇರಲಿಲ್ಲ.

“ಮೊದಲನೇದು ಒಂದು ಕಡೆ ನಿಂತಾದ್ರೂ ಇತ್ತು,” ಎಂದರು ಮ್ಯಾನೇಜರ್.

ಅವಳು ಎದ್ದು ಹೋಗಿ ಆಫೀಸಿನ ವಾಶ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಮುಖ ತೊಳೆದಳು.

ಆಂಪ್ಲಿಫೈಯರಿನ ಅವಸರ ತಗ್ಗಿಸಲು ಇನ್ನೊಂದು ಕೆಪಾಸಿಟರ್ ಬೇಕಿತ್ತು. ಚಿಪ್ಪಿನ ಮೇಲೆ ಯಾವುದು ಎಲ್ಲಿ ಕೂರಬೇಕೆಂದು ಲೇಔಟ್ ಮಾಡುವವನು ಆಗದೆಂದು ತಲೆಯಾಡಿಸಿದ: “ಸೂಜಿ ಊರೋಕೂ ಜಾಗ ಇಲ್ಲ ಅಕ್ಕ.”

“ಪಕ್ಕದಲ್ಲಿ ಇದೇನು?”

“ಕಂಪನಿ ಲೋಗೋ.”

“ಇದೇನು ಕೆಲಸ ಮಾಡುತ್ತೆ?”

“ಚೆನ್ನಾಗಿ ಕಾಣುತ್ತೆ.”

“ತೆಗಿ. ಬೈಗಳು ನಾನು ತಿಂತೀನಿ.”

ಮೂರನೇ ಸಲ ಬಂದ ಚಿಪ್ಪಿನಲ್ಲಿ ವೋಲ್ಟೇಜ್ ಕೆಳತುದಿಯಿಂದ ಮೇಲ್ತುದಿಯವರೆಗೆ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತಿತು. ಅವಳು ನಂಬದೆ ಮತ್ತೆ ಮತ್ತೆ ಅಳೆದಳು. ಮೀಟಿಂಗಿನಲ್ಲಿ ಮ್ಯಾನೇಜರ್ ಚಿಪ್ಪಿನ ಚಿತ್ರವನ್ನು ಗೋಡೆಗೆ ಹಾಕಿ, “ಲೋಗೋ ಎಲ್ಲಿ ಹೋಯ್ತು?” ಎಂದರು. ಉಳಿದ ಹೊತ್ತೆಲ್ಲ ಲೋಗೋ ಬಗ್ಗೆಯೇ ಚರ್ಚೆ ನಡೆಯಿತು. ಪಂಪಿನ ಮಾತನ್ನು ಒಬ್ಬರೂ ಎತ್ತಲಿಲ್ಲ.

“ಸರಿಹೋಯ್ತು,” ಎಂದಳು ಮನೆಗೆ ಬಂದು, ಚಪ್ಪಲಿ ಬಿಡುತ್ತಾ.

“ಮತ್ತೆ ಮುಖ ಯಾಕೆ ಹೀಗಿದೆ?”

ಅವಳು ಹೇಳತೊಡಗಿದಳು. ಗಂಡ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತ.