ಬಿ ಆಯ್ಕೆಗೆ ಬಿದ್ದವನು

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಅವನು "ತಪ್ಪು ಬರೆಯೋದು" ಎನ್ನುತ್ತಿದ್ದ. ಸುಳ್ಳೇನಲ್ಲ. ಕೈಕಸುಬು ಕಲಿಸುವ ಶಾಲೆಗಳ ಪ್ರವೇಶ ಪರೀಕ್ಷೆಗೆ ಬಹು ಆಯ್ಕೆಯ ಪ್ರಶ್ನೆ ತಯಾರಿಸುವ ಕಚೇರಿಯೊಂದರಲ್ಲಿ ನಾಲ್ಕು ವರ್ಷದಿಂದ ಕುರ್ಚಿ ಸವೆಸುತ್ತಿದ್ದ. ಒಂದು ಪ್ರಶ್ನೆಗೆ ಒಂದು ಸರಿ ಉತ್ತರ, ಮೂರು ತಪ್ಪು. ಸರಿ ಉತ್ತರ ಪುಸ್ತಕದಲ್ಲೇ ಸಿಗುತ್ತದೆ. ತಪ್ಪನ್ನು ಮಾತ್ರ ತಲೆಯಿಂದಲೇ ಹುಟ್ಟಿಸಬೇಕು. ನಂಬುವ ಹಾಗಿರಬೇಕು, ನಿಜವಾಗಿರಬಾರದು. ತನ್ನ ಮದುವೆ ಮಾತುಕತೆಯಲ್ಲಿ ಅಪ್ಪ ಮಗನ ಬಗ್ಗೆ ಹೇಳಿದ್ದನ್ನು ನೆನೆದರೆ ಈ ವಿದ್ಯೆ ಮನೆತನದಲ್ಲೇ ಇತ್ತು ಎನ್ನಬೇಕು. ಮಗನ ತನಕ ಇಳಿದು ಬರಲಿಲ್ಲ, ಅಷ್ಟೆ.

ಮೂರನೆಯ ತಪ್ಪು ಹೊಳೆಯದಿದ್ದಾಗ 'ಮೇಲಿನ ಎಲ್ಲವೂ' ಎಂದು ಬರೆದು ಕೈತೊಳೆದುಕೊಳ್ಳುವುದು ಅವನ ರೂಢಿ. ಹಾಗಾಗಿ ಕಚೇರಿಯಲ್ಲಿ ಅವನ ಹೆಸರೇ 'ಎಲ್ಲವೂ' ಎಂದಾಗಿತ್ತು.

ಪ್ರತಿ ಪ್ರಶ್ನೆಯನ್ನೂ ಮೊದಲು ಇನ್ನೂರು ವಿದ್ಯಾರ್ಥಿಗಳಿಗೆ ಕೊಟ್ಟು ನೋಡುತ್ತಿದ್ದರು. ಯಾವ ಆಯ್ಕೆಗೆ ಎಷ್ಟು ಜನ ಗುರುತು ಹಾಕಿದರು ಎನ್ನುವ ಪಟ್ಟಿ ಆಮೇಲೆ ಬರುತ್ತಿತ್ತು. ಒಬ್ಬರೂ ಮುಟ್ಟದ ತಪ್ಪು ಉತ್ತರಕ್ಕೆ ಕಚೇರಿಯ ಭಾಷೆಯಲ್ಲಿ 'ಹೆಣ' ಎಂದು ಹೆಸರು. ಅವನ ಪಟ್ಟಿ ಬಂದ ದಿನ ಪಕ್ಕದ ಮೇಜಿನ ಗುಮಾಸ್ತ ಕತ್ತು ಚಾಚಿ, "ಎಲ್ಲವೂ ಸರ್, ಇವತ್ತೆಷ್ಟು ಹೆಣ?" ಎಂದು ಕೇಳುತ್ತಿದ್ದ.

"ಬರೀ ಏಳು ಕಣಯ್ಯಾ. ಸುಧಾರಿಸ್ತಿದೀನಿ."

ಇಷ್ಟಾದರೂ ಅವನಿಗೆ ನಿದ್ದೆ ಬರುತ್ತಿತ್ತು. ನಿದ್ದೆ ಕೆಡಿಸಿದ್ದು ಟೈಪಿಸ್ಟ್ ಅಕ್ಕ.

ಅಕ್ಕ ಹನ್ನೊಂದು ವರ್ಷದಿಂದ ಕಿಟಕಿ ಪಕ್ಕ ಕೂತು ಎಲ್ಲರ ಕೈಬರಹದ ಪ್ರಶ್ನೆಗಳನ್ನು ಟೈಪು ಮಾಡುತ್ತಿದ್ದವಳು. ಹಿಂದಿನ ವರ್ಷ ಪ್ರಶ್ನೆಕಾರರು ಸಾಲದೆ, ನೀವೂ ನಾಲ್ಕು ಬರೆದು ನೋಡಿ ಎಂದರು. ಬರೆದಳು. ನಾಲ್ಕು ಪ್ರಶ್ನೆಯಲ್ಲಿ ಒಂದೇ ಒಂದು ಹೆಣವೂ ಇರಲಿಲ್ಲ. ಅವಳ ಒಂದೊಂದು ತಪ್ಪು ಉತ್ತರಕ್ಕೂ ಮೂವತ್ತು ನಲವತ್ತು ಜನ ಮುಗಿಬಿದ್ದಿದ್ದರು. ಮುಖ್ಯಸ್ಥರು ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ನೀರು ಕುಡಿಯಲು ಹೋಗುವ ದಾರಿಯಲ್ಲೇ ಅಂಟಿಸಿದ್ದರಿಂದ ಅವನು ಬಾಯಾರಿಕೆ ತಡೆದುಕೊಳ್ಳುವುದನ್ನು ಕಲಿತ.

ಡಿಗ್ರಿ ಎರಡು ಅವನಿಗಿದ್ದವು. ಪ್ರಶ್ನೆ ರಚನೆಯ ತರಬೇತಿಗೆ ಆರು ವಾರ ಹೋಗಿ ಬಂದವನೂ ಅವನೇ. ಅಕ್ಕನೋ, ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತವರಿಗೆ ಲೆಕ್ಕ ಕೇಳಿ, ಅವರು ಹೇಳಿದ ತಪ್ಪನ್ನು ಟಿಕೆಟಿನ ಹಿಂದೆ ಗೀಚಿಕೊಂಡು ಬರುವವಳು. "ನಾನೆಲ್ಲಿ ಹುಟ್ಟಿಸ್ಲಿ ತಮ್ಮಾ, ಜನ ಕೊಟ್ಟಿದ್ದು" ಎಂದು ನಗುತ್ತಿದ್ದಳು. ಆ ನಗು ಅವನ ಹೊಟ್ಟೆಯೊಳಗೆ ಕೆಂಡವಾಗಿ ಕೂರುತ್ತಿತ್ತು. ಸೊಕ್ಕು ತೋರಿಸಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಆಕೆ ಅದಕ್ಕೂ ಅವಕಾಶ ಕೊಡಲಿಲ್ಲ.

ಅಷ್ಟರಲ್ಲಿ ಮುಖ್ಯ ಪ್ರಶ್ನೆಕಾರರ ಹುದ್ದೆ ಖಾಲಿಯಾಯಿತು. ಕಣದಲ್ಲಿ ಉಳಿದಿದ್ದು ಇಬ್ಬರೇ: ಅವನು ಮತ್ತು ಅಕ್ಕ. ತೀರ್ಮಾನ ಶುಕ್ರವಾರ. ಬುಧವಾರ ಸಂಜೆ ಅಕ್ಕನ ಕೊನೆಯ ಪ್ರಶ್ನೆ ಪರಿಶೀಲನೆಗೆಂದು ಅವನ ಮೇಜಿಗೇ ಬಂತು.

ಆ ಕಚೇರಿಯಲ್ಲಿ ಪರಿಶೀಲನೆಗೆ ಒಂದು ಕ್ರಮವಿತ್ತು. ಕೀ ಉತ್ತರವನ್ನು, ಅಂದರೆ ಬರೆದವರು ಸರಿ ಎಂದು ಕೊಟ್ಟ ಆಯ್ಕೆಯನ್ನು, ಹಾಳೆಯ ಅಡಿಯಲ್ಲಿ ಮಡಚಿ ಪಿನ್ನು ಹೊಡೆದಿರುತ್ತಾರೆ. ಪರಿಶೀಲಕ ಮೊದಲು ತಾನೇ ಬಿಡಿಸಬೇಕು, ಆಮೇಲಷ್ಟೇ ಮಡಿಕೆ ಬಿಚ್ಚಬೇಕು. ಕೀ ಉತ್ತರವೇ ತಪ್ಪಿದ್ದರೆ ಬರೆದವರು ಮುಂದೆ ಪ್ರಶ್ನೆ ಬರೆಯುವ ಹಾಗಿಲ್ಲ. ಅಕ್ಕನ ಮಟ್ಟಿಗೆ ಹೇಳುವುದಾದರೆ, ಮತ್ತೆ ಕಿಟಕಿ ಪಕ್ಕಕ್ಕೆ.

ಪ್ರಶ್ನೆ ಇಷ್ಟೇ: 'ವೆಲ್ಡರ್ ಒಬ್ಬ ನಾಲ್ಕು ತುಂಡು ಕೊಳವೆಗಳನ್ನು ಸಾಲಾಗಿ ಬೆಸೆದು ಒಂದು ಉದ್ದ ಕೊಳವೆ ಮಾಡಲು ಹದಿನೆಂಟು ನಿಮಿಷ ತೆಗೆದುಕೊಳ್ಳುತ್ತಾನೆ. ಅದೇ ವೇಗದಲ್ಲಿ ಎಂಟು ತುಂಡು ಬೆಸೆಯಲು ಎಷ್ಟು ನಿಮಿಷ ಬೇಕು?' ಎ. ಮೂವತ್ತೆರಡು. ಬಿ. ಮೂವತ್ತಾರು. ಸಿ. ನಲವತ್ತೆರಡು. ಡಿ. ನಲವತ್ತೆಂಟು.

ತುಂಡು ಎರಡು ಪಟ್ಟು, ನಿಮಿಷವೂ ಎರಡು ಪಟ್ಟು. ಮೂವತ್ತಾರು, ಬಿ. ಉಸಿರು ಬಿಡುವಷ್ಟರಲ್ಲಿ ಮುಗಿಯಿತು. ಮಡಿಕೆ ಬಿಚ್ಚಿದ. ಸಿ ಎಂದಿತ್ತು.

ಇಡೀ ವರ್ಷ ಕಾದಿದ್ದ ಗಳಿಗೆ! ಕೆಂಪು ಪೆನ್ನು ತೆಗೆದು 'ಕೀ ಉತ್ತರ ತಪ್ಪು' ಎಂದು ದಪ್ಪ ಅಕ್ಷರದಲ್ಲಿ ಬರೆದ, ಅಡಿಗೆರೆ ಎಳೆದ, ಸಹಿ ಹಾಕಿದ. ಅಷ್ಟು ಚಂದದ ಸಹಿಯನ್ನು ಅವನು ಮದುವೆಯ ದಾಖಲೆಗೂ ಹಾಕಿರಲಿಲ್ಲ. ಕಡತವನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು ಸಿಳ್ಳೆ ಹಾಕುತ್ತ ಮನೆಗೆ ನಡೆದ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಯಾರದೋ ಮನೆಯ ಪರದೆಗೆ ಬಟ್ಟೆಯ ಪಟ್ಟಿಗಳನ್ನು ಜೋಡಿಸುತ್ತಿದ್ದಳು. ಅವನು ಶೂ ಬಿಚ್ಚುವ ಮೊದಲೇ ಕತೆ ಬಿಚ್ಚಿದ. ಅವಳು ಪೂರ್ತಿ ಕೇಳಿ, ಹಲ್ಲಲ್ಲಿ ನೂಲು ಕಡಿದು, "ರೀ, ನಾಲ್ಕು ಪಟ್ಟಿ ಒಂದು ಮಾಡೋಕೆ ಎಷ್ಟು ಹೊಲಿಗೆ ಹಾಕ್ಬೇಕು?" ಎಂದಳು.

"ನಾಲ್ಕು."

"ಹೊಲಿದ ನಾಲ್ಕು ಪಟ್ಟಿ ಮುಂದೆ ಬಿದ್ದಿದೆಯಲ್ಲ, ಎಣಿಸಿ."

ಎಣಿಸಿದ. ಇನ್ನೊಮ್ಮೆ ಎಣಿಸಿದ. ಹೊಲಿಗೆ ಮೂರೇ ಇದ್ದವು.

"ಮೂರು ಹೊಲಿಗೆಗೆ ಹದಿನೆಂಟಾದ್ರೆ ಒಂದಕ್ಕೆ ಆರು. ಎಂಟು ಪಟ್ಟಿಗೆ ಏಳು ಹೊಲಿಗೆ. ಏಳಾರ್ಲಿ ನಲವತ್ತೆರಡು." ಅವಳು ಯಂತ್ರ ತುಳಿಯತೊಡಗಿದಳು. "ಎರಡು ಡಿಗ್ರಿ ತಗೊಂಡ್ರಿ. ಅದನ್ನೂ ಜೋಡಿಸೋಕೆ ಒಂದು ಹೊಲಿಗೆ ಸಾಕು."

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಕಚೇರಿಯ ಮುಂದೆ ನಿಂತಿದ್ದ. ಕಡತವನ್ನು ಸದ್ದಿಲ್ಲದೆ ಎತ್ತಿಕೊಳ್ಳುವುದು ಅವನ ಲೆಕ್ಕ. ಆದರೆ ಮುಖ್ಯಸ್ಥರು ಅವನಿಗಿಂತ ಮೊದಲೇ ಬಂದು ಕೂತಿದ್ದರು.

"ಬನ್ನಿ ಬನ್ನಿ! ನಾನೂ ಬಿಡಿಸಿ ನೋಡಿದೆ ಕಣ್ರೀ, ಮೂವತ್ತಾರೇ. ಒಳ್ಳೇ ಕಣ್ಣು ನಿಮ್ದು. ಆಯಮ್ಮನ್ನ ಹತ್ತು ಗಂಟೆಗೆ ಕರೆಸಿದೀನಿ. ನಾಳೆ ತನಕ ಯಾಕೆ, ಹುದ್ದೆ ನಿಮ್ಗೇ ಅನ್ಕೊಳಿ."

"ಥ್ಯಾಂಕ್ಸ್ ಸರ್" ಎಂದದ್ದು ಯಾರೆಂದು ಅವನಿಗೇ ಗೊತ್ತಾಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತ. ಸುಮ್ಮನಿದ್ದರೆ ಸಾಕು. ಸುಳ್ಳು ಹೇಳಬೇಕಾಗಿಯೂ ಇಲ್ಲ. ಗುಮಾಸ್ತ ಆಗಷ್ಟೇ ಬಂದ ಪಟ್ಟಿಗಳ ಕಟ್ಟನ್ನು ಪಕ್ಕದಲ್ಲಿಟ್ಟು ಹೋದ. ಮೇಲೆಯೇ ಇತ್ತು ಅಕ್ಕನ ವೆಲ್ಡರ್. ಎ ಹದಿನೆಂಟು, ಬಿ ಎಂಬತ್ತೊಂದು, ಸಿ ಅರವತ್ತೇಳು, ಡಿ ಮೂವತ್ತನಾಲ್ಕು. ಇಡೀ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಐವತ್ತು ಜನರಲ್ಲಿ ನಲವತ್ತೊಂದು ಮಂದಿ ಸಿ ಎಂದಿದ್ದರು. ಬಲ್ಲವರು ದಾಟಿದ್ದಾರೆ, ಅವಸರದವರು ಬಿದ್ದಿದ್ದಾರೆ. ತರಬೇತಿಯ ಆರು ವಾರವೂ ಮೇಷ್ಟ್ರು ಬಾಯಿ ನೋಯುವಷ್ಟು ಹೇಳಿದ್ದ 'ಒಳ್ಳೆಯ ಪ್ರಶ್ನೆ' ಎಂದರೆ ಇಂಥದ್ದೇ.

ಅವನು ಒಂದೊಂದು ಆಯ್ಕೆಯನ್ನೂ ನೋಡುತ್ತ ಹೋದ. ಎ ಎಂದರೆ ನಾಲ್ಕು ಎಂಟಲಿ ಮೂವತ್ತೆರಡು ಎಂದು ಕಂಡ ತುಂಡುಗಳನ್ನೆಲ್ಲ ಗುಣಿಸುವವನು. ಡಿ ಎಂದರೆ ಬೆಸುಗೆಗೆ ಆರು ನಿಮಿಷ ಎಂದು ಕಂಡುಹಿಡಿದೂ ಕೊನೆಗೆ ಎಂಟು ಬೆಸುಗೆ ಎಣಿಸಿದವನು. ಬಿ? ಬಿ ಎಂದರೆ ತಾನು. ಎಂಬತ್ತೆರಡನೆಯವನು.

ಎಂಥಾ ತಪ್ಪು! ಇಂಥದ್ದೊಂದು ತನ್ನ ಕೈಯಿಂದ ನಾಲ್ಕು ವರ್ಷದಲ್ಲಿ ಹುಟ್ಟಬಾರದಿತ್ತೇ? ಅದರ ಮೇಲೆ ತಾನೇ ಎಳೆದ ಕೆಂಪು ಗೆರೆ ನೆನೆದು ಅವನ ಹೊಟ್ಟೆ ಬೇರೆ ಥರ ಉರಿಯಿತು. ಅಕ್ಕ ಕಿಟಕಿ ಪಕ್ಕಕ್ಕೆ ಹೋದರೆ ಸಹಿಸಬಹುದಿತ್ತೇನೋ, ಅವನು ಅಷ್ಟು ಒಳ್ಳೆಯವನಲ್ಲ. ಈ ಬಿ ಕಸದ ಬುಟ್ಟಿಗೆ ಹೋಗುವುದನ್ನು ಮಾತ್ರ ನೋಡಲಾಗಲಿಲ್ಲ. ತಾನೇ ಬಿದ್ದ ಹಳ್ಳವನ್ನು ಯಾರೂ ತೋಡಿರಲೇ ಇಲ್ಲ ಎಂದರೆ ಬಿದ್ದವನ ಮರ್ಯಾದೆಯ ಗತಿ ಏನು?

ಒಳಗೆ ಹೋದ. "ಸರ್, ಬೆಸುಗೆ ಮೂರು."

ಮುಖ್ಯಸ್ಥರು ನಾಲ್ಕು ಬೆರಳು ಎತ್ತಿ, ನಡುವಿನ ಸಂದುಗಳನ್ನು ಎಣಿಸಿದರು. ಮುಖ ಕಪ್ಪಿಟ್ಟಿತು. "ಇದನ್ನ ನಿನ್ನೆ ಹೇಳೋಕೇನಾಗಿತ್ರೀ? ನಾನು ಬಿಡಿಸೋದಕ್ಕೆ ಮುಂಚೆ?" ಎಂದು ಗದರಿ ಕಡತವನ್ನು ಅವನತ್ತ ತಳ್ಳಿದರು. "ಕಾರಣ ಬರೀರಿ."

ಅವನು ಬರೆದ: 'ಕೀ ಉತ್ತರ ಸರಿಯಿದೆ. ಪರಿಶೀಲಕನೇ ಬಿ ಆಯ್ಕೆಗೆ ಬಿದ್ದಿದ್ದಾನೆ. ಪ್ರಶ್ನೆ ಉಳಿಸಿಕೊಳ್ಳಬೇಕು.' ಈ ಸಲ ಸಹಿ ಸೊಟ್ಟಗೆ ಬಂತು.

ಹತ್ತು ಗಂಟೆಗೆ ಒಳಹೋದ ಅಕ್ಕ ಅರ್ಧ ಗಂಟೆಯಲ್ಲಿ ಮುಖ್ಯ ಪ್ರಶ್ನೆಕಾರ್ತಿಯಾಗಿ ಹೊರಬಂದಳು. ಅವನು ಅವಳನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಬಯಸಿದ್ದಕ್ಕಿಂತ ಗಟ್ಟಿಯಾಗಿ ಕೇಳಿದ: "ಆ ಬಿ ಯಾವ ಬಸ್ ಸ್ಟಾಪಲ್ಲಿ ಸಿಕ್ತು ಅಕ್ಕಾ?"

"ಅದಾ?" ಅಕ್ಕ ಸ್ವಲ್ಪ ಹಿಂದೆಮುಂದೆ ನೋಡಿದಳು. "ಮೂರು ವರ್ಷದ ಹಿಂದೆ ನೀನೊಂದು ಬೇಲಿ ಲೆಕ್ಕ ಬರೆದಿದ್ದೆ. ಕಂಬದ ನಡುವಿನ ಸಂದು ಎಣಿಸೋ ಬದ್ಲು ಕಂಬನೇ ಎಣಿಸಿ ಕೀ ಉತ್ತರ ಹಾಕಿದ್ದೆ. ಟೈಪ್ ಮಾಡ್ವಾಗ ನಾನೇ ಸರಿಮಾಡ್ದೆ."

ಅಂದರೆ ಅಂದೇ ತನ್ನ ಕೆಲಸ ಹೋಗಬೇಕಿತ್ತು. ಈಕೆ ಜಾಣತನದಲ್ಲಿ ಮುಂದಿರುವುದು ಸಾಲದೆ ಒಳ್ಳೆಯತನದಲ್ಲೂ ಮುಂದೆ ಹೋಗಬೇಕೇ?

"ಆಗ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ?"

"ಹೇಳಿದ್ರೆ ನೀನು ತಿದ್ಕೊಂಡ್ಬಿಡ್ತಿದ್ದೆ. ಅಷ್ಟು ಓದಿದವರೂ ಮಾಡೋ ತಪ್ಪು ಎಲ್ಲಿ ಸಿಗುತ್ತೆ? ಹಾಗೇ ಜೋಪಾನವಾಗಿ ಇರ್ಲಿ ಅಂತ ಬಿಟ್ಟೆ" ಎಂದು ಅಕ್ಕ ತನ್ನ ಹೊಸ ಕೋಣೆಯ ಬೀಗದ ಕೈ ಹುಡುಕುತ್ತ ಮೆಟ್ಟಿಲೇರಿದಳು.