ಘಟ್ಟದ ಹುಳಿಮಣ್ಣು ಭಾನುವಳ್ಳಿಗೆ ಬಂದದ್ದು

ಭಾನುವಳ್ಳಿಯಲ್ಲಿ ಯಾರಿಗೆ ಗಿಡ ಬೇಕಾದರೂ ಜನ ನಾಲೆಯ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಹಸಿರು ಪರದೆಯ ನೆರಳಲ್ಲಿ ಫಿರ್ದೌಸ್‌ಳ ಸಸಿತೋಟವಿದೆ. ಅವಳು ಹರಿಹರದ ಪಿಂಜಾರರ ಮನೆಯ ಮಗಳು. ಅಪ್ಪ ಹಯಾತ್ ಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಮದುವೆಯಾಗಿ ಭಾನುವಳ್ಳಿಗೆ ಬಂದಾಗ ಗಂಡನ ಮನೆಯ ಹಿತ್ತಿಲು ಖಾಲಿ ಬಿದ್ದಿತ್ತು. ಅತ್ತೆ ಖತೀಜಾಬೀ ಎಮ್ಮೆ ಕಟ್ಟೋಣವೆಂದರು, ಸೊಸೆ ಗುಲಾಬಿ ಕಡ್ಡಿ ನೆಟ್ಟಳು. ಕಡ್ಡಿ ಚಿಗುರಿದ ಮೇಲೆ ಎಮ್ಮೆಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಗುಲಾಬಿಯಾದ ಮೇಲೆ ಕರಿಬೇವು, ಕರಿಬೇವಾದ ಮೇಲೆ ತೆಂಗು, ಹೀಗೆ ತೋಟ ಬೆಳೆದು ದಾವಣಗೆರೆಯ ಸರಸ್ವತಿ ನಗರದ ಹೊಸ ಮನೆಗಳವರೆಗೂ ಅವಳ ಕುಂಡಗಳು ಹೋದವು.

ತನ್ನ ಕೈಯಲ್ಲಿ ಬಾಡುವ ಗಿಡವಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಜಂಬವೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ, ಏಕೆಂದರೆ ಅದು ಬಹುಮಟ್ಟಿಗೆ ನಿಜವಾಗಿತ್ತು.

ಹೀಗಿರುವಾಗ ಕರಾವಳಿಗೆ ಇಳಿಯುವ ಘಟ್ಟದ ರಸ್ತೆಯೊಂದರಲ್ಲಿ ಗುಡ್ಡ ಕುಸಿಯಿತು. ಕುಸಿದ ಇಳಿಜಾರಿಗೆ ಕಾಡಿನ ಗಿಡ ನೆಡಿಸುವ ಕೆಲಸ ಅಶ್ವಥ್ ಎಂಬ ಮೇಲ್ವಿಚಾರಕನ ಪಾಲಿಗೆ ಬಂತು. ಘಟ್ಟದ ಮೇಲೆ ಸಸಿ ಬೆಳೆಸಲು ಸಮತಟ್ಟಾದ ಜಾಗವಿಲ್ಲ, ಬಿಸಿಲೂ ಸಾಲದು. ಹಾಗಾಗಿ ಅವನು ಬಯಲುಸೀಮೆಯಲ್ಲಿ ಸಸಿ ಬೆಳೆಸುವವರನ್ನು ಹುಡುಕಿಕೊಂಡು ಬಂದ. ಮುರುಗಲು, ರಾಮಪತ್ರೆ, ನೇರಳೆಯ ಬೀಜಗಳನ್ನು ತಂದು ಕೊಟ್ಟ. ಫಿರ್ದೌಸ್ ಅವನ್ನು ತನ್ನ ಎರೆಮಣ್ಣಿಗೆ ಗೊಬ್ಬರ ಬೆರೆಸಿ ಚೀಲಗಳಲ್ಲಿ ಹಾಕಿದಳು. ಸಸಿ ಎದ್ದವು. ಸ್ವಲ್ಪ ಹಳದಿ ಬಣ್ಣ ಕಾಣುತ್ತಿತ್ತು, ಕಾಡಿನ ಗಿಡಕ್ಕೆ ಬಿಸಿಲು ಹೊಸದು, ಘಟ್ಟ ಹತ್ತಿದರೆ ಸರಿಹೋಗುತ್ತದೆ ಎಂದುಕೊಂಡಳು. ಮಳೆಗಾಲಕ್ಕೆ ಮೊದಲು ಸಸಿಗಳೆಲ್ಲ ಲಾರಿ ಹತ್ತಿ ಹೋದವು.

ಮಳೆಗಾಲ ಮುಗಿಯುವ ಹೊತ್ತಿಗೆ ಅಶ್ವಥ್‌ನ ಫೋನ್ ಬಂತು. ನೆಟ್ಟದ್ದರಲ್ಲಿ ಮುಕ್ಕಾಲು ಪಾಲು ಸತ್ತುಹೋಗಿತ್ತು. ಅವನು ಗದರಲಿಲ್ಲ. ಮುಂದಿನ ವರ್ಷ ಬೇರೆ ಕಡೆಯಿಂದ ತರಿಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ ಎಂದಷ್ಟೇ ಹೇಳಿದ. ಆ ಸಮಾಧಾನದ ಮಾತೇ ಅವಳಿಗೆ ಚುಚ್ಚಿತು. ಬೈದಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು.

ಗಂಡ ಹಿದಾಯತ್ ಹರಿಹರದ ಅಕ್ಕಿ ಗಿರಣಿಗಳಿಂದ ಕರಾವಳಿಗೆ ಲಾರಿ ಓಡಿಸುವವನು. ಮುಂದಿನ ಲೋಡು ಹೊರಟಾಗ ಅವಳೂ ಬುತ್ತಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಳು. ಎಲ್ಲಿಗೆ ಎಂದು ಅವನು ಕೇಳಿದ್ದಕ್ಕೆ, ಸತ್ತವರನ್ನ ನೋಡಿಕೊಂಡು ಬರಬೇಕು ಎಂದಳು. ಅವನು ಗಾಡಿ ಎತ್ತಿದ.

ಘಟ್ಟದಲ್ಲಿ ಮಳೆ ಕಡಿಮೆಯಾಗಿತ್ತೇ ಹೊರತು ನಿಂತಿರಲಿಲ್ಲ. ಅಶ್ವಥ್ ಹಗ್ಗ ಹಿಡಿಸಿ ಅವಳನ್ನು ಇಳಿಜಾರಿಗೆ ಹತ್ತಿಸಿದ. ಅವಳು ಒಣಗಿದ ಮುರುಗಲು ಸಸಿಯೊಂದನ್ನು ಹಿಡಿದು ಎಳೆದಳು. ಗಿಡ ಸಲೀಸಾಗಿ ಎದ್ದು ಬಂತು. ಭಾನುವಳ್ಳಿಯ ಕರಿಮಣ್ಣು ಚೀಲದಲ್ಲಿದ್ದ ಆಕಾರದಲ್ಲೇ, ರಾಗಿಮುದ್ದೆಯ ಹಾಗೆ, ಬೇರಿಗೆ ಅಂಟಿಕೊಂಡಿತ್ತು. ಹಿಂಡಿದರೆ ನೀರು ಸುರಿಯಿತು, ಕೊಳೆತ ವಾಸನೆ ಹೊಡೆಯಿತು. ಬೇರುಗಳು ಆ ಮುದ್ದೆಯೊಳಗೇ ಸುತ್ತಿ ಸುತ್ತಿ ನಿಂತಿದ್ದವು. ಒಂದೂ ಹೊರಗೆ ಚಾಚಿರಲಿಲ್ಲ.

ಕುಸಿಯದೆ ಉಳಿದ ಕಾಡಿನ ಅಂಚಿನಲ್ಲಿ ತಾನಾಗಿ ಹುಟ್ಟಿದ ಒಂದು ಸಣ್ಣ ಮುರುಗಲು ಕಂಡಿತು. ಅದರ ಬುಡವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ಮೇಲೆ ಕೊಳೆತ ಎಲೆಯ ಕಪ್ಪು ಪದರ, ಗೇಣುದ್ದವೂ ಇಲ್ಲ. ಅದರ ಕೆಳಗೆ ಬರೀ ಕೆಂಪು. ಬೇರು ಆಳಕ್ಕೆ ಹೋಗುವ ಗೋಜಿಗೇ ಹೋಗದೆ ಆ ತೆಳು ಕಪ್ಪಿನಲ್ಲಿ ಅಗಲವಾಗಿ ಹರಡಿತ್ತು. ಬೇರಿಗೂ ಎಲೆಗೂ ನಡುವೆ ಬಿಳಿಯ ಎಳೆಗಳು ಹಬ್ಬಿದ್ದವು, ಅಪ್ಪ ಹಿಂಜಿ ಹಾರಿಸಿದ ಹತ್ತಿಯಷ್ಟು ಸಣ್ಣವು. ಅವು ಬೇರಿಗೆ ಊಟ ತಂದುಕೊಡುವ ಶಿಲೀಂಧ್ರದ ಎಳೆಗಳು ಎಂದು ಅಶ್ವಥ್ ಹೇಳಿದ. ಇಲ್ಲಿಯ ಮಳೆ ಮಣ್ಣಿನಲ್ಲಿರುವ ಸುಣ್ಣವನ್ನೆಲ್ಲ ಸಮುದ್ರಕ್ಕೆ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ, ಉದುರಿದ ಎಲೆಯೇ ಮರಗಳಿಗೆ ಆಹಾರ ಎಂದೂ ವಿವರಿಸಿದ.

ಫಿರ್ದೌಸ್ ಸತ್ತ ಸಸಿಯನ್ನು ಅವನ ಮುಂದೆ ಹಿಡಿದಳು. "ನೋಡ್ರಿ, ಇವು ನಿಮ್ಮ ಗುಡ್ಡಕ್ಕ ಬಂದೇ ಇಲ್ಲ. ನಮ್ಮೂರ ಮಣ್ಣಾಗೇ ಕುಂತು ಸತ್ತಾವು. ತಪ್ಪು ಗಿಡದ್ದಲ್ಲ, ನಂದು. ಇನ್ನೊಂದು ವರ್ಷ ಬೀಜ ಕೊಡ್ರಿ."

"ಇದೇ ಮಣ್ಣನ್ನು ಭಾನುವಳ್ಳಿಯಲ್ಲಿ ಮಾಡೋಕಾಗುತ್ತಾ?"

"ಆಗ್ತೈತೆ," ಎಂದಳು. ಹೇಗೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಕಾಡಿನ ಮಣ್ಣನ್ನು ಅಗೆಯುವಂತಿಲ್ಲ. ಆದರೆ ಕುಸಿದು ರಸ್ತೆಗೆ ಬಿದ್ದ ಮಣ್ಣು ಬದಿಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು, ಅದನ್ನು ಎಲ್ಲಾದರೂ ಸಾಗಿಸಲೇಬೇಕಿತ್ತು. ಅಶ್ವಥ್ ಅನುಮತಿ ಮಾಡಿಸಿಕೊಟ್ಟ. ಅಕ್ಕಿ ಇಳಿಸಿ ಖಾಲಿ ಬರುತ್ತಿದ್ದ ಲಾರಿ ಆ ಸಲ ಘಟ್ಟದ ಮಣ್ಣು ತುಂಬಿಕೊಂಡು ಭಾನುವಳ್ಳಿಗೆ ಬಂತು. ಊರ ತುಂಬ ಮಣ್ಣಿರುವಾಗ ಮಣ್ಣು ಹೊತ್ತು ತಂದ ಹಿದಾಯತ್‌ನನ್ನು ನೋಡಿ ಬಸ್ ನಿಲ್ದಾಣದ ಚಹಾದಂಗಡಿಯವರು ವಾರಗಟ್ಟಲೆ ನಕ್ಕರು. ಹುಳಿಮಣ್ಣು ಎಂಬ ಮಾತು ಹೇಗೋ ಹೊರಬಿದ್ದು, ಫಿರ್ದೌಸ್ ಮಣ್ಣಿನ ಉಪ್ಪಿನಕಾಯಿ ಹಾಕುತ್ತಿದ್ದಾಳೆ ಎಂಬ ಸುದ್ದಿಯಾಯಿತು. ಅವಳು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅದರಲ್ಲಿ ಬೆರೆತಿದ್ದ ಕಪ್ಪು ಎಲೆಮಣ್ಣನ್ನು ಬೇರೆ ಮಾಡಿ ನೆರಳಲ್ಲಿಟ್ಟು ಗೋಣಿ ಹೊದಿಸಿದಳು. ಕೆಂಪು ಮಣ್ಣನ್ನು ಜರಡಿ ಹಿಡಿದಳು. ಎರಡನ್ನೂ ಸಡಿಲವಾಗಿ ಬೆರೆಸಿ ಚೀಲ ತುಂಬಿ ಹೊಸ ಬೀಜ ಊರಿದಳು.

ಮೊದಲ ಎರಡು ತಿಂಗಳು ಸಸಿಗಳು ಕಡುಹಸಿರಾಗಿ ಬಂದವು. ಆಮೇಲೆ ನಾಲೆಗೆ ನೀರು ಬಿಡುವುದು ನಿಂತಿತು. ಬೋರ್ ನೀರು ಹಾಕತೊಡಗಿದಳು. ಸ್ವಲ್ಪ ದಿನಕ್ಕೆ ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು, ನಡುವೆಲ್ಲ ಮತ್ತೆ ಅದೇ ಹಳದಿ ಹರಡಿತು. ಎಲ್ಲ ಸರಿ ಮಾಡಿದ ಮೇಲೂ ಹೀಗಾಯಿತಲ್ಲ ಎಂದು ಮೊದಲ ಬಾರಿ ಅವಳಿಗೆ ತನ್ನ ಕೈಯ ಮೇಲೆ ಅನುಮಾನ ಬಂತು. ಎರಡು ಚೀಲಗಳನ್ನು ಎತ್ತಿಕೊಂಡು ಬಸ್ಸು ಹತ್ತಿ ನೇರ ಸರಸ್ವತಿ ನಗರಕ್ಕೆ ಹೋದಳು. ಅಲ್ಲಿ ನಿರ್ಮಲಮ್ಮ ಇದ್ದರು. ಮಣ್ಣು ಪರೀಕ್ಷೆಯ ಕೆಲಸದಿಂದ ನಿವೃತ್ತರಾದವರು, ಫಿರ್ದೌಸ್‌ಳ ಗುಲಾಬಿಗಳ ಹಳೆಯ ಗಿರಾಕಿ.

ನಿರ್ಮಲಮ್ಮ ಕನ್ನಡಕ ಏರಿಸಿ ಚೀಲದ ಮೇಲ್ಭಾಗವನ್ನು ನೋಡಿದರು. ಮಣ್ಣಿನ ಮೇಲೆ ತೆಳುವಾಗಿ ಬಿಳಿಯ ಹೊಪ್ಪಳೆ ಕಟ್ಟಿತ್ತು. ಅದನ್ನು ಉಗುರಿನಿಂದ ಕೆರೆದು ತೋರಿಸಿದರು.

"ನಿಮ್ಮನೆ ಹಂಡೆ ಒಳಗ ಕಟ್ತೈತಲ್ಲ, ಅದೇ ಇದು. ಸುಣ್ಣ. ನೀನು ಮಣ್ಣು ಘಟ್ಟದ್ದು ತಂದಿ, ನೀರು ಮಾತ್ರ ಭಾನುವಳ್ಳಿ ಬೋರಿಂದು ಹಾಕಿದಿ. ಎಲೆ ಹಸಿರಾಗಾಕ ಬೇಕಾದ ಕಬ್ಬಿಣ ಮಣ್ಣಾಗೇ ಐತೆ, ಸುಣ್ಣದ ದೆಸೆಯಿಂದ ಗಿಡಕ್ಕ ಸಿಗವಲ್ದು."

"ಹಂಗಾದ್ರ ಏನು ಹಾಕ್ಲಿ?"

"ಏನೂ ಹಾಕಬ್ಯಾಡ. ಮಳೆನೀರು ಹಿಡಿ."

ಗಂಧಕದ ಪುಡಿಯಿಂದಲೂ ಮಣ್ಣನ್ನು ಹುಳಿ ಮಾಡಬಹುದು, ಆದರೆ ಅದು ನಿಧಾನದ ಕೆಲಸ, ಅವಸರಕ್ಕೆ ಹೆಚ್ಚು ಸುರಿದರೆ ಬೇರು ಸುಡುತ್ತದೆ ಎಂದೂ ಅವರು ತಿಳಿಸಿದರು. ಚಹಾ ಕುಡಿಯುತ್ತ ಇಬ್ಬರೂ ಲೆಕ್ಕ ಹಾಕಿದರು. ದಾವಣಗೆರೆ ಸೀಮೆಯಲ್ಲಿ ಬೀಳುವ ಮಳೆ ಘಟ್ಟದ ಮಳೆಯ ಮುಂದೆ ಏನೇನೂ ಅಲ್ಲ. ಆದರೂ ಲಾರಿ ನಿಲ್ಲಿಸುವ ತಗಡಿನ ಚಪ್ಪರದಿಂದ ಹರಿಯುವುದನ್ನು ಹಿಡಿದಿಟ್ಟರೆ ಆ ಸಸಿಗಳ ಬೇಸಿಗೆಗೆ ಸಾಕಾಗುತ್ತಿತ್ತು.

ಫಿರ್ದೌಸ್ ಊರಿಗೆ ಬಂದವಳೇ ತೊಟ್ಟಿ ಕಟ್ಟಿಸಿದಳು. ಅಂಗಳದ ಅರ್ಧ ತೊಟ್ಟಿಗೆ ಹೋಯಿತು. ಖತೀಜಾಬೀ ಕೆಲವು ದಿನ ಮುಖ ಗಂಟು ಹಾಕಿಕೊಂಡರು. ಮೊದಲ ಹದಮಳೆಗೆ ತೊಟ್ಟಿ ತುಂಬಿದಾಗ ಒಂದು ಕೊಡ ನೀರಿನಲ್ಲಿ ಬೇಳೆ ಬೇಯಿಸಿ ನೋಡಿ, ಇಷ್ಟು ಬೇಗ ಬೆಂದದ್ದು ತವರಿನಲ್ಲೂ ಕಂಡಿಲ್ಲ ಎಂದರು. ಅಲ್ಲಿಂದ ತೊಟ್ಟಿಗೆ ಕಾವಲುಗಾರರೂ ಅವರೇ ಆದರು.

ಹಳದಿಯಾದ ಸಸಿಗಳಲ್ಲಿ ಕೆಲವು ಬದುಕಲಿಲ್ಲ. ಬದುಕಿದವನ್ನೂ ಮತ್ತೆ ಹಾಕಿದವನ್ನೂ ಅವಳು ಇನ್ನೊಂದು ವರ್ಷ ಮಳೆನೀರಿನಲ್ಲೇ ಸಾಕಿದಳು. ಅಷ್ಟು ಕಾಯಲು ಅಶ್ವಥ್‌ನನ್ನು ಒಪ್ಪಿಸಿದ್ದೂ ಅವಳೇ. ಅರೆಬೆಂದ ಅನ್ನ ಬಡಿಸೋದಿಲ್ರಿ ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಕಳಿಸುವ ಮುನ್ನ ಒಂದು ಚೀಲ ಹರಿದು ನೋಡಿದಳು. ಮಣ್ಣು ಕೈಯಲ್ಲಿ ಪುಡಿಯಾಗಿ ಉದುರಿತು, ಬೇರಿನ ತುದಿಯಲ್ಲಿ ಆ ಬಿಳಿಯ ಎಳೆಗಳು ಕಂಡವು. ಹಿದಾಯತ್‌ನನ್ನು ಕರೆದು ತೋರಿಸಿದಳು. ಅವನಿಗೆ ಅದರಲ್ಲೇನೂ ಕಾಣಲಿಲ್ಲ, ಆದರೆ ಹೆಂಡತಿಯ ಮುಖ ಕಂಡಿತು. ಆ ಸಲ ತಿರುವುಗಳಲ್ಲಿ ಅವನು ಹಾಲು ತುಂಬಿಕೊಂಡವನ ಹಾಗೆ ಲಾರಿ ಓಡಿಸಿದ.

ಮುಂದಿನ ಮಳೆಗಾಲ ಕಳೆದು ಅವಳು ಮತ್ತೆ ಘಟ್ಟ ಹತ್ತಿದಾಗ ಅಶ್ವಥ್ ಹಗ್ಗ ಹಿಡಿದುಕೊಂಡು ಕಾಯುತ್ತಿದ್ದ. ಇಳಿಜಾರು ಪೂರ್ತಿ ಮುಚ್ಚಿರಲಿಲ್ಲ, ಅದಕ್ಕೆ ಇನ್ನೂ ಹಲವು ವರ್ಷ ಬೇಕು. ಕೆಳಗಿನ ಒಂದು ಪಟ್ಟಿಯಲ್ಲಿ ನೀರು ಕೊರೆದು ಸಸಿಗಳನ್ನು ಕೊಚ್ಚಿಕೊಂಡು ಹೋಗಿತ್ತು. ಉಳಿದ ಕಡೆ ಮುರುಗಲು ಕೆಂಪು ಚಿಗುರು ಬಿಟ್ಟು ನಿಂತಿತ್ತು. ಫಿರ್ದೌಸ್ ಒಂದನ್ನು ಹಿಡಿದು ಜಗ್ಗಿದಳು. ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದಳು. ಗಿಡದ ಬದಲು ಅವಳೇ ಜಾರಿ ಕೂತಳು, ಸೀರೆಗೆಲ್ಲ ಕೆಂಪು ಮೆತ್ತಿತು. ಎದ್ದು ನಿಲ್ಲುವ ಅವಸರ ಮಾಡದೆ ಹಾಗೇ ಕೂತು ನಕ್ಕಳು.

ಈಗ ಅವಳಿಗೆ ಬೇರೆ ಘಟ್ಟಗಳಿಂದಲೂ ಫೋನ್ ಬರುತ್ತದೆ. ಎಷ್ಟು ಸಸಿ, ಎಂದಿಗೆ ಬೇಕು ಎಂದು ಅವರು ಶುರು ಮಾಡಿದರೆ ಅವಳು ನಡುವೆಯೇ ತಡೆಯುತ್ತಾಳೆ. "ಅದೆಲ್ಲ ಆಮ್ಯಾಲೆ ಮಾತಾಡಣ. ಮೊದ್ಲು ನಿಮ್ಮ ಗುಡ್ಡದ ಮಣ್ಣು ಒಂದು ಚೀಲ ಕಳ್ಸ್ರಿ."